ತೂಕಕ್ಕೆ ಮುಂಚೆ

ಸ್ಕಿಪ್ಪಿಂಗ್ ಹಗ್ಗದ ಸದ್ದು ಸರಿಯಿಲ್ಲ, ನೆಲಕ್ಕೆ ಬಡಿದಾಗ ಟಪ್ ಎನ್ನಬೇಕು, ಈಗ ಚಪ್ ಎನ್ನುತ್ತಿದೆ, ಅಂದರೆ ನೆಲ ಒದ್ದೆ, ಒದ್ದೆ ಮಾಡಿದವನು ನಾನೇ, ಒಳ್ಳೆಯದಾಯಿತು, ನೆಲದ ಮೇಲೆ ಬಿದ್ದ ಬೆವರು ನನ್ನ ಮೈಯಲ್ಲಿಲ್ಲ, ತೂಕದ ಯಂತ್ರಕ್ಕೆ ಅಷ್ಟೇ ತಾನೆ ಬೇಕಾದದ್ದು — ಪಂದ್ಯದ ತೂಕಕ್ಕೆ ಇಳಿಯಲು ಇನ್ನು ಆರುನೂರು ಗ್ರಾಂ, ಒಂದು ಜೊತೆ ಬೂಟಿನ ಭಾರ, ಬೂಟಾಗಿದ್ದರೆ ಬಿಚ್ಚಿಡಬಹುದಿತ್ತು. ಮೇಲೆ ಪ್ಲಾಸ್ಟಿಕ್ ರೇನ್‌ಕೋಟು, ಅದರೊಳಗೆ ಸ್ವೆಟರು, ಅದರೊಳಗೆ ಇನ್ನೊಂದು ಸ್ವೆಟರು, ಅದರೊಳಗೆ ಎಲ್ಲೋ ನಾನು. ಗೋಡೆಯಾಚೆ ಬಾಯ್ಲರ್ ಗೊರಕೆ ಹೊಡೆಯುತ್ತಿದೆ, ಭರ್ಜರಿ ಊಟ ಮಾಡಿ ಮಲಗಿದವರ ಹಾಗೆ, ಊಟ, ಊಟದ ಯೋಚನೆ ಬೇಡ. ಹಾಸ್ಟೆಲಿನ ಬಾಯ್ಲರಿಗೆ ಅಂಟಿಕೊಂಡ ಈ ಕೋಣೆಗೆ ನಾವಿಟ್ಟ ಹೆಸರು ಒಲೆ. ಕುಸ್ತಿ ತಂಡದವರನ್ನು ಬಿಟ್ಟರೆ ಯಾರೂ ಇತ್ತ ಸುಳಿಯುವುದಿಲ್ಲ, ತಲೆ ನೆಟ್ಟಗಿರುವವರು ಬರುವ ಜಾಗವಲ್ಲ ಎನ್ನುತ್ತಾರೆ ವಾರ್ಡನ್, ಅವರ ಮಾತನ್ನು ಕಿವಿಗೆ ಹಾಕಿಕೊಂಡವರು ಯಾರು. ಬಾಗಿಲಿನಾಚೆ ಮೊಲ ಕುರ್ಚಿ ಒರಗಿಸಿಕೊಂಡು ಕೂತಿದ್ದಾನೆ, ನನ್ನ ರೂಮ್‌ಮೇಟ್, ಮುಂದಿನೆರಡು ಹಲ್ಲು ಉದ್ದ, ಹೆಸರು ಬಂದದ್ದು ಅಲ್ಲಿಂದ. ಇಲ್ಲಿನ ಪದ್ಧತಿಯೇ ಹಾಗೆ, ಒಬ್ಬ ಒಳಗೆ ಬೇಯಬೇಕು, ಒಬ್ಬ ಹೊರಗೆ ಬಾಗಿಲು ಹಿಡಿಯಬೇಕು, ಒಳಗಿನವನು ಗೋಗರೆದರೂ ಅತ್ತರೂ ಅಪ್ಪನಾಣೆ ಇಟ್ಟರೂ ಕೋಚ್ ಕೂಗುವ ತನಕ ತೆಗೆಯಕೂಡದು. ನಾನೇ ಅವನ ಕೈಯಲ್ಲಿ ಕೈಯಿಟ್ಟು ಹೇಳಿ ಬಂದಿದ್ದೇನೆ, ಏನೇ ಅಂದ್ರೂ ತೆಗೀಬೇಡ ಕಣೋ, ಒಳಗಿರೋವಾಗ ನಾನು ನಾನಾಗಿರಲ್ಲ. ಅವನು ಹಲ್ಲು ಕಿರಿದ, ಹೊರಗಿದ್ದಾಗ ಯಾವಾಗ ನೀನಾಗಿದ್ದೆ ಎಂದ.

ಉಗುಳಿದರೂ ಒಂದಿಷ್ಟು ತೂಕ ಇಳಿಯುತ್ತದಂತೆ, ಉಗುಳೋಣವೆಂದರೆ ಬಾಯಲ್ಲಿ ಏನಿದೆ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆ. ನಿನ್ನೆ ಬೆಳಿಗ್ಗೆಯಿಂದ ನೀರು ಮುಟ್ಟಿಲ್ಲ. ಕೋಚ್ ಕೇಳಿದ್ದು ಒಂದೇ ಮಾತು, ತೂಕಕ್ಕೆ ಬರ್ತೀಯಾ ಇಲ್ವಾ, ಆಗಲ್ಲ ಅಂದ್ರೆ ಈಗಲೇ ಹೇಳು, ನಿನ್ನ ಬದಲಿಗೆ ಸೆಕೆಂಡ್ ಇಯರ್ ಹುಡುಗ ಇದ್ದಾನೆ — ಕೆಟ್ಟವರಲ್ಲ ಪಾಪ, ಮುಖ ಯಾಕೋ ಬಾಡಿದೆಯಲ್ಲ ಎಂದೂ ಕೇಳಿದರು, ಏನಿಲ್ಲ ಸರ್ ಆರಾಮಾಗಿದ್ದೀನಿ ಎಂದದ್ದು ನಾನು. ಬೆಳಿಗ್ಗೆ ಬಚ್ಚಲಲ್ಲಿ ಕಂಡದ್ದನ್ನು ಹೇಳಲಿಲ್ಲ, ಹಾಲು ಹಾಕದ ಕಡು ಚಹಾದ ಬಣ್ಣ, ಅದು ನನ್ನ ಮೈಯಿಂದ ಬಂದದ್ದು, ಬಕೆಟ್ಟು ಮಗುಚಿ ತೊಳೆದೆ, ಬಣ್ಣ ಹೋಯಿತು, ಕಣ್ಣಿಂದ ಹೋಗಲಿಲ್ಲ. ತೊಡೆ ಕಲ್ಲಾಗಿವೆ, ಸೊಂಟದ ಹಿಂದೆ ಎರಡೂ ಕಡೆ ನೋವು, ಎಲ್ಲರಿಗೂ ಇರುತ್ತದೆ, ಇಲ್ಲ, ಎಲ್ಲರಿಗೂ ಇರುವುದಿಲ್ಲ, ಮಾವನಿಗಿತ್ತು. ಅಮ್ಮನ ತಮ್ಮ, ನನಗೆ ಕುಸ್ತಿಯ ಹುಚ್ಚು ಹಿಡಿಸಿದವನು, ಲಾರಿ ಟೈರನ್ನು ಒಂದೇ ಕೈಯಲ್ಲಿ ಉರುಳಿಸಿಕೊಂಡು ಗ್ಯಾರೇಜಿನ ತುಂಬ ಓಡಾಡುತ್ತಿದ್ದವನು, ಈಗ ಕಿಡ್ನಿ ಕೆಟ್ಟು ವಾರಕ್ಕೆ ಮೂರು ಸಲ ಆಸ್ಪತ್ರೆಯ ಯಂತ್ರಕ್ಕೆ ರಕ್ತ ಕೊಟ್ಟು ತೊಳೆಸಿ ವಾಪಸು ತರುತ್ತಾನೆ, ಬ್ಯಾಂಕಿಗೆ ಹೋಗಿ ಬಂದೆ ಕಣೋ, ಹಾಕಿದ್ದೆಲ್ಲ ವಾಪಸ್ ಕೊಟ್ರು, ಬಡ್ಡಿ ಮಾತ್ರ ಕೊಡಲ್ಲ ಎನ್ನುತ್ತಾನೆ. ವಯಸ್ಸಿನಲ್ಲಿ ತೂಕ ಇಳಿಸಲು ಮೂತ್ರ ಹೋಗುವ ಮಾತ್ರೆ, ಮೈ ನೊಂದರೆ ನೋವಿನ ಮಾತ್ರೆ, ಬಾಯಿಗೆ ಎಸೆದುಕೊಳ್ಳುತ್ತಿದ್ದನಂತೆ. ಅದರಿಂದಲೇ ಹೀಗಾಯಿತೇ ಎಂದರೆ ಡಾಕ್ಟರು ಕಾರಣ ಹಲವಿರಬಹುದು ಎನ್ನುತ್ತಾರೆ, ಮಾವ ಮಾತು ಬದಲಿಸುತ್ತಾನೆ. ದಿನಕ್ಕಿಷ್ಟೇ ನೀರು, ಅಮ್ಮ ಅಳೆದು ಬಾಟಲಿಗೆ ತುಂಬಿಡುತ್ತಾಳೆ, ಮಾತ್ರೆ ನುಂಗುವ ಗುಟುಕೂ ಅದರಲ್ಲೇ ಆಗಬೇಕು. ಹೋದ ರಜೆಯಲ್ಲಿ ನಾನು ಓಟ ಮುಗಿಸಿ ಬಂದು ಅಡುಗೆಮನೆಯಲ್ಲಿ ದೊಡ್ಡ ಲೋಟ ಎತ್ತಿ ಗಟಗಟ ಕುಡಿಯುತ್ತಿದ್ದೇನೆ, ತಿರುಗಿದರೆ ಬಾಗಿಲಲ್ಲಿ ಮಾವ, ನಾಚಿಕೆಯಾಗಿ ಕೆಳಗಿಟ್ಟೆ, ಯಾಕೆ ನಿಲ್ಲಿಸ್ದೆ, ಕುಡಿ, ನಾನು ನೋಡ್ತೀನಿ ಎಂದ. ಕುಡಿದೆ. ಲೋಟದ ಅಂಚಿನ ಮೇಲಿಂದ ಕಂಡದ್ದು ಮಾವನ ಗಂಟಲು, ನಾನು ನುಂಗಿದಾಗಲೆಲ್ಲ ಅದೂ ಏರಿ ಇಳಿಯುತ್ತಿತ್ತು, ಬರಿದೇ, ಅವನಿಗೇ ಗೊತ್ತಿಲ್ಲದೆ. ಲೋಟ ಖಾಲಿಯಾದ ಮೇಲೆ ತಣ್ಣಗಿತ್ತಾ ಎಂದು ಕೇಳಿದ, ಹೂಂ ಎಂದೆ.

ಹಗ್ಗ ಎಲ್ಲಿ ಹೋಯಿತು, ಓ, ಕಾಲಿಗೆ ಸುತ್ತಿಕೊಂಡಿದೆ, ನಾನು ಕೂತಿದ್ದೇನೆ, ಯಾವಾಗ ಕೂತೆ. ಬೆವರು ನಿಂತಿದೆ. ಈ ಒಲೆಯೊಳಗೆ ಬೆವರು ನಿಲ್ಲುವುದೆಂದರೇನು, ಚಳಿಯಾಗುತ್ತಿದೆ, ಎರಡು ಸ್ವೆಟರಿನೊಳಗೆ ಮೈ ನಡುಗುತ್ತಿದೆ, ಮಾವನ ಗಂಟಲು ಏರಿ ಇಳಿಯುತ್ತದೆ. ಮೊಲ, ಬಾಗಿಲು ತೆಗಿಯೋ. ಇನ್ನೂ ಟೈಮಿದೆ ಎಂದ. ನೀರು ಬೇಕು ಎಂದರೆ ಬೇಡ ಅಂದೋನು ಯಾರು ಎನ್ನುತ್ತಾನೆ, ತಲೆ ಸುತ್ತುತ್ತಿದೆ ಎಂದರೆ ಸುತ್ತಲಿ ಅದಕ್ಕೂ ವ್ಯಾಯಾಮ. ತಪ್ಪು ಅವನದಲ್ಲ, ಹೋದ ತಿಂಗಳು ಅವನೇ ಒಳಗಿದ್ದಾಗ ಅಜ್ಜಿ ಸತ್ತುಹೋದಳೆಂದು ಗೋಳಾಡಿದ, ಮಾರನೆಯ ದಿನ ಅಜ್ಜಿ ಫೋನಿನಲ್ಲಿ ಅವನನ್ನು ಬೈಯುತ್ತಿದ್ದಳು. ಒಳಗಿನಿಂದ ಹೇಳಬಹುದಾದ ಸುಳ್ಳೆಲ್ಲ ಈ ಬಾಗಿಲಿಗೆ ಬಾಯಿಪಾಠ. ನಿಜ ಹೇಳಿದರೆ — ನಿಜ ಹೇಳಿದರೆ ಮೊಲ ಕೋಚಿಗೆ ಹೇಳುತ್ತಾನೆ, ಕೋಚ್ ಮನೆಗೆ, ಅಮ್ಮ ಎದೆ ಹಿಡಿದುಕೊಂಡು ಕೂರುತ್ತಾಳೆ, ನನ್ನ ಜಾಗ ಸೆಕೆಂಡ್ ಇಯರ್ ಹುಡುಗನಿಗೆ, ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರಿಗೆಲ್ಲ ನನ್ನಳಿಯ ಕಾಲೇಜಿಗೆ ಕುಸ್ತಿ ಆಡ್ತಾನೆ ಎಂದು ಹೇಳಿಕೊಂಡಿರುವ ಮಾವ ಇನ್ನು ಅವರಿಗೆ ಏನು ಹೇಳುತ್ತಾನೆ, ಸುಮ್ಮನಿದ್ದರೆ ಸ್ವಲ್ಪ ಹೊತ್ತು, ಅಷ್ಟೇ, ತೂಕ ಮುಗಿದ ಮೇಲೆ ಬೇಕಾದಷ್ಟು ಕುಡಿಯಬಹುದು — ಕುಡಿಯಬಹುದೇ, ಮಾವನೂ ಹಾಗೇ ಅಂದುಕೊಂಡಿದ್ದನೇ, ಆಮೇಲೆ ಕುಡಿದರಾಯಿತು ಎಂದು. ಏಳಲು ಹೋದರೆ ಕಾಲು ನನ್ನ ಮಾತು ಕೇಳುತ್ತಿಲ್ಲ. ತೆವಳಿಕೊಂಡು ಬಾಗಿಲಿನ ಬುಡಕ್ಕೆ ಬಾಯಿಟ್ಟೆ, ಮೊಲ, ಬೆಳಿಗ್ಗೆ ನಂಗೆ ಉಚ್ಚೆ ಚಹಾದ ಬಣ್ಣಕ್ಕೆ ಬಂತು ಕಣೋ, ಯಾರಿಗೂ ಹೇಳಿಲ್ಲ, ನಂಗೆ ಭಯ ಆಗ್ತಿದೆ. ಭಯ ಎಂಬ ಮಾತನ್ನು ಈ ತಂಡದಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ, ನಗುತ್ತಾನೇನೋ, ನಗಲಿ — ಕುರ್ಚಿ ಬಿದ್ದ ಸದ್ದು, ಬೆಳಕು, ತಂಗಾಳಿ, ಮೊಲನ ಮುಖ ಬಿಳಿಚಿಕೊಂಡಿದೆ, ಬೆಳಿಗ್ಗೆನೇ ಹೇಳೋಕೇನಾಗಿತ್ತೋ ನಿಂಗೆ, ಏಳು, ಆಸ್ಪತ್ರೆಗೆ ಹೋಗೋಣ. ತೂಕ ಎಂದೆ. ತೂಕ ಹಾಳಾಗಿ ಹೋಗ್ಲಿ, ಎಂದು ರೇನ್‌ಕೋಟಿನ ಗುಂಡಿ ಕಿತ್ತುಬರುವ ಹಾಗೆ ಎಳೆಯುತ್ತಿದ್ದಾನೆ, ಕೋಚನ್ನು ಕೂಗುತ್ತಿದ್ದಾನೆ, ತನ್ನ ನೀರಿನ ಬಾಟಲಿ ತೆಗೆದು ನನ್ನ ಬಾಯಿಗೆ ಹಿಡಿಯುತ್ತಿದ್ದಾನೆ, ಮೆಲ್ಲಗೆ ಕಣೋ, ಸ್ವಲ್ಪ ಸ್ವಲ್ಪ. ಮೊದಲ ಗುಟುಕು ತುಟಿಯಲ್ಲೇ ಇಂಗಿತು, ಎರಡನೆಯದು ನಾಲಿಗೆಯಲ್ಲಿ, ಮೂರನೆಯದು ಇಳಿಯಿತು, ಆರುನೂರು ಗ್ರಾಂ ಹೋಗಿ ಏಳುನೂರು, ಎಣಿಸುವುದು ಬೇಡ, ನುಂಗುತ್ತೇನೆ, ಬಾಗಿಲಲ್ಲಿ ಮಾವ, ಕುಡಿ, ನಾನು ನೋಡ್ತೀನಿ, ನುಂಗುತ್ತೇನೆ, ಮಾವನ ಗಂಟಲು ಏರುತ್ತದೆ, ಇಳಿಯುತ್ತದೆ, ನುಂಗುತ್ತೇನೆ, ಏರುತ್ತದೆ, ಬರಿದೇ, ಮಾವನ ಗಂಟಲು, ಮಾವನ ಗಂಟಲು