ಮಾಳಿಗೆಯ ಮೇಲಿನ ನಿಂಬೆಸಸಿಗಳು

ತಂಗಡಗಿಯ ಜೈತುನಬಿಗೆ ಅಂಗೈಯಗಲ ಹೊಲವಿರಲಿಲ್ಲ. ಗಂಡ ಸತ್ತ ಮೇಲೆ ಉಳಿದದ್ದು ಒಂದು ಖೋಲಿಯ ಮನೆ, ಅದರ ಮೇಲಿನ ಮಣ್ಣಿನ ಮಾಳಿಗೆ. ಚಿಮಣಿ ಎಣ್ಣೆಯ ಖಾಲಿ ಡಬ್ಬಿ, ಬಾಯಿ ಒಡೆದ ಗಡಿಗೆ, ಸಿಕ್ಕಿದ್ದನ್ನೆಲ್ಲ ತಂದು, ಹೊಳೆದಂಡೆಯ ಮಣ್ಣು ತುಂಬಿ, ಆ ಮಾಳಿಗೆಯ ಮೇಲೆ ನಿಂಬೆಯ ಸಸಿ ಬೆಳೆಸುತ್ತಿದ್ದಳು. ಎರಡು ವರ್ಷ ಸಾಕಿದ ಸಸಿಗಳನ್ನು ಮುದ್ದೇಬಿಹಾಳದ ಕಡೆಯ ತೋಟದವರು ಬಂದು ದುಡ್ಡು ಕೊಟ್ಟು ಒಯ್ಯುತ್ತಿದ್ದರು. ಬೇಸಿಗೆಯಲ್ಲಿ ಕೃಷ್ಣೆಯಿಂದ ದಿನಕ್ಕೆ ಎಂಟು ಕೊಡ ನೀರು ಹೊತ್ತು ಏಣಿ ಹತ್ತಬೇಕು.

ಪಕ್ಕದ ಮನೆ ರಾಚಪ್ಪನದು. ಎರಡು ಮಾಳಿಗೆಗಳ ನಡುವೆ ಮೊಣಕಾಲೆತ್ತರದ ಗೋಡೆ. ರಾಚಪ್ಪ ಒಂದು ಕರಿ ಹೋತ ಸಾಕಿದ್ದ; ಅದು ಮೆಟ್ಟಿಲು ಹತ್ತಿ ಅವನ ಮಾಳಿಗೆಯ ಮೇಲೆ ಅಡ್ಡಾಡುತ್ತಿತ್ತು. ಸುತ್ತಿನ ಹಳ್ಳಿಯವರು ತಮ್ಮ ಆಡುಗಳನ್ನು ಗಬ್ಬ ಕಟ್ಟಿಸಲು ಅದರ ಬಳಿಗೆ ಹೊಡೆದುಕೊಂಡು ಬರುತ್ತಿದ್ದರು. ಮಕ್ಕಳಿಲ್ಲದ ಅವನಿಗೆ ಹೋತದ ಮೇಲೆ ಜೀವ.

1958ರ ಬೇಸಿಗೆಯಲ್ಲಿ ಹೋತ ಮೊದಲ ಸಲ ಗೋಡೆ ಜಿಗಿಯಿತು.

"ರಾಚಣ್ಣಾ, ಹೋತ ಕಟ್ಟಿ ಹಾಕ್ರಿ. ಆರು ನಿಂಬಿ ಅಗಿ ತಿಂದೈತಿ."

"ಮೂಕ ಪ್ರಾಣಿಗೇನ ತಿಳಿತೈತಿ? ನಿನ್ನ ಡಬ್ಬಿ ನೀನ ಕಾಯ್ಕೋ."

ಎಂಟು ದಿನ ಕಳೆಯಿತು. ಒಂದು ಮುಂಜಾನೆ ಜೈತುನಬಿ ನಾಲ್ಕನೇ ಕೊಡ ಹೊತ್ತು ಏಣಿ ಹತ್ತಿದಾಗ ಹೋತ ಸಸಿಗಳ ನಡುವೆ ನಿಂತು ಮೆಲ್ಲುತ್ತಿತ್ತು. ಮೂವತ್ತಕ್ಕೂ ಹೆಚ್ಚು ಡಬ್ಬಿಗಳಲ್ಲಿ ಬರೀ ಕಡ್ಡಿ. ಅವಳು ಕೊಡ ಇಳಿಸಿದಳು. ಮಣ್ಣು ತುಂಬಿದ ಡಬ್ಬಿಯೊಂದನ್ನು ಎರಡೂ ಕೈಯಿಂದ ಎತ್ತಿ ಹೋತದ ಬೆನ್ನಿನ ಮೇಲೆ ಹಾಕಿದಳು. ಎಲುಬು ಲಟಕ್ಕೆಂದಿತು. ಹಿಂಗಾಲು ಎಳೆಯುತ್ತ ಹೋತ ಕೂಸಿನಂತೆ ಚೀರಿತು.

ಅಂಗಳದಲ್ಲಿ ಕಟ್ಟಿಗೆ ಒಡೆಯುತ್ತಿದ್ದ ರಾಚಪ್ಪ ಕೊಡಲಿ ಹಿಡಿದೇ ಮೇಲೆ ಬಂದ. ಹೋತವನ್ನು ನೋಡಿದ. ಗೋಡೆ ದಾಟಿ, ಕೊಡಲಿ ತಿರುವಿ ಹಿಡಿದು, ಗಡಿಗೆಗಳನ್ನು ಒಡೆಯತೊಡಗಿದ. ಡಬ್ಬಿಗಳನ್ನು ತುಳಿದು ಚಪ್ಪಟೆ ಮಾಡಿದ.

"ಲೇ ರಾಚ್ಯಾ, ಬಿಡೋ!" ಜೈತುನಬಿ ಅಡ್ಡ ಬಂದಳು.

ಕೊಡಲಿಯ ಮರದ ಕಾವು ಅವಳ ಎಡ ಮುಂಗೈಗೆ ಬಿತ್ತು. ಕೈ ಮುರಿದು ಜೋತಾಡಿತು. ಅವಳು ಬಲಗೈಗೆ ಸಿಕ್ಕ, ಮಣ್ಣು ಕೆದಕುವ ಕುರ್ಪಿಯನ್ನು ಅವನ ತೊಡೆಗೆ ಹೆಟ್ಟಿದಳು. ಕಿತ್ತು ಮತ್ತೊಮ್ಮೆ ಹೆಟ್ಟಿದಳು. ರಾಚಪ್ಪ ಹಿಂದೆ ಸರಿದ. ಹಿಂದೆ ಮಾಳಿಗೆ ಇರಲಿಲ್ಲ. ಓಣಿಯ ಕಲ್ಲಿನ ಮೇಲೆ ಬಿದ್ದು ಅವನ ಕಾಲು ಮುರಿಯಿತು.

ಅವನ ಹೆಂಡತಿ ಶಂಕ್ರೆವ್ವ ಓಡಿ ಬಂದಳು. ಓಣಿಯಲ್ಲಿ ಇದ್ದದ್ದು ಸೋಮನಿಂಗನ ಒಂದೇ ಚಕ್ಕಡಿ.

"ಇಬ್ರನ್ನೂ ಇದರಾಗ ಹಾಕ್ರಿ," ಎಂದಳು.

ಮುದ್ದೇಬಿಹಾಳದ ದವಾಖಾನೆಯ ದಾರಿಯುದ್ದಕ್ಕೂ, ಚಕ್ಕಡಿ ಕುಲುಕಿದಾಗೆಲ್ಲ ಇಬ್ಬರೂ ನರಳಿದರು, ಒಬ್ಬರಿಗೊಬ್ಬರು ಬೈದರು. ಹಳ್ಳ ದಾಟುವಾಗ ರಾಚಪ್ಪ ಸರಿಯಿದ್ದ ಕಾಲಿನಿಂದ ಅವಳ ಮುರಿದ ಕೈಗೆ ಒದ್ದ. ಅವಳು ಬಾಗಿ ಅವನ ಪಾದ ಕಚ್ಚಿದಳು. ಶಂಕ್ರೆವ್ವ ಸೋಮನಿಂಗನ ಬಾರುಕೋಲು ಕಸಿದು ಇಬ್ಬರಿಗೂ ಬಾರಿಸಿದಳು.

"ಇನ್ನೊಮ್ಮಿ ಮಿಸುಕಾಡಿದ್ರ ಇಬ್ರನ್ನೂ ಇಲ್ಲೇ ಹಳ್ಳಕ್ಕ ದೂಡತೇನಿ!"

ಸ್ವಲ್ಪ ಹೊತ್ತಿನ ಮೇಲೆ ರಾಚಪ್ಪ ಅಳತೊಡಗಿದ. "ತಾಯಿ ಸತ್ತ ಮರಿ ಅದು. ಬಟ್ಟಿ ಅದ್ದಿ ಹಾಲ ಕುಡಿಸಿದ್ದೆ."

ಜೈತುನಬಿ ಮುಖ ತಿರುಗಿಸಿದಳು. ಅವಳಿಗೂ ಅಳು ಬಂದಿತ್ತು. ಅವನ ಮುಂದೆ ಅಳಲು ಮನಸ್ಸಿರಲಿಲ್ಲ.

ದವಾಖಾನೆಯಲ್ಲಿ ಡಾಕ್ಟರು ತೊಡೆಯ ಗಾಯ ನೋಡಿ, "ಹೆಂಗಾತು? ಪೊಲೀಸರಿಗೆ ಹೇಳಬೇಕಾಗ್ತದ," ಎಂದರು.

"ಮಾಳಗಿಯಿಂದ ಬಿದ್ದೇನ್ರಿ. ಕೆಳಗ ಕುರ್ಪಿ ಇತ್ರಿ," ಎಂದ ರಾಚಪ್ಪ.

"ನಿನಗ ಹೆಂಗಾತವ್ವಾ?"

"ನಾನೂ ಬಿದ್ದೇನ್ರಿ," ಎಂದಳು ಜೈತುನಬಿ.

ಅವರು ಊರಿಗೆ ಮರಳುವಷ್ಟರಲ್ಲಿ ಊರ ಕಟುಕ ಕಾಸಿಂಸಾಬ ಹೋತವನ್ನು ಹಲಾಲ್ ಮಾಡಿ ಅದರ ನೋವು ಮುಗಿಸಿದ್ದ. ಶಂಕ್ರೆವ್ವ ತಾನೇ ಮಣ್ಣು ಕಲಸಿ ಗೋಡೆಯನ್ನು ಎದೆಯೆತ್ತರಕ್ಕೆ ಏರಿಸಿದಳು. ಉಳಿದಿದ್ದ ಒಂಬತ್ತು ಸಸಿಗಳಿಗೆ ಜೈತುನಬಿಯ ಕೈ ಕೂಡುವ ತನಕ ನೀರು ಹಾಕಿದವಳೂ ಅವಳೇ.

ಜೈತುನಬಿಯ ಮುಂಗೈ ಸೊಟ್ಟಗೇ ಕೂಡಿತು, ರಾಚಪ್ಪನ ಕಾಲು ಗಿಡ್ಡವಾಯಿತು. ಇಬ್ಬರೂ ಮತ್ತೆ ಮಾತಾಡಲಿಲ್ಲ. ಆದರೆ ಅವಳು ಕೊಡ ಹೊತ್ತು ಓಣಿಯಲ್ಲಿ ಬಂದರೆ, ಕಟ್ಟೆಯ ಮೇಲೆ ಕೂತ ರಾಚಪ್ಪ ದಾರಿಗೆ ಚಾಚಿದ ಕಾಲನ್ನು ಮೆಲ್ಲಗೆ ಒಳಗೆಳೆದುಕೊಳ್ಳುತ್ತಿದ್ದ.