ಸಾಲಿನ ಕೊನೆಯ ಅಂಕಿ

ಸೋಮವಾರ ಬೆಳಿಗ್ಗೆ 11.40. ರಕ್ತ ಹಾಕಿಸಲು ಬೀದರಿಗೆ ಕರೆತರಬೇಕಾದ ಗರ್ಭಿಣಿಯರ ಪಟ್ಟಿಯಲ್ಲಿ ಔರಾದಿನ ಫರ್ಹೀನಳ ಹೆಸರು ಇರಲಿಲ್ಲ. ಪಟ್ಟಿ ಮಾಡುವುದು ಬೀದರಿನ ಒಂದು ಖಾಸಗಿ ಟ್ರಸ್ಟ್. ಅದರ ನರ್ಸ್ ನವೊಮಿ ಫರ್ಹೀನಳ ಮನೆಯಿಂದಲೇ ಕಚೇರಿಯ ಕಂಪ್ಯೂಟರ್ ಆಪರೇಟರ್ ಜಾಕ್ಸನನಿಗೆ ಫೋನ್ ಮಾಡಿದಳು.

“ಫರ್ಹೀನ ಹೆಸರು ಯಾಕ ಬಿಟ್ಟಿ?”

“ಆಕಿ ಹಿಮೋಗ್ಲೋಬಿನ್ ಹತ್ತು ಪಾಯಿಂಟ್ ಎರಡು ಅದರಿ ಸಿಸ್ಟರ್. ನನಗಿಂತ ಗಟ್ಟಿ ಇದ್ದಾಳ.”

“ನಗಬ್ಯಾಡ. ಅದು ಜೂನಿಂದು. ಆಕಿ ಕಾರ್ಡ್ ನನ್ನ ಕೈಯಾಗ ಅದ. ಆಗಸ್ಟಿನಾಗ ಎಂಟು, ಮೊನ್ನಿ ಅಕ್ಟೋಬರಿನಾಗ ಐದು ಪಾಯಿಂಟ್ ಒಂಬತ್ತು. ಕಣ್ಣಿನ ರೆಪ್ಪಿ ಒಳಗ ಸುಣ್ಣ ಬಳದ್ಹಂಗ ಅದ.”

ಜಾಕ್ಸನ ಕಂಪ್ಯೂಟರಿನಲ್ಲಿ ತಿಂಗಳವಾರು ಅಂಕಿಗಳ ಹಾಳೆ ತೆರೆದ. ಫರ್ಹೀನಳ ಸಾಲಿನಲ್ಲಿ 5.9, 8, 10.2 ಎಂದಿತ್ತು.

ಪರೀಕ್ಷೆಗೆ ಬಾರದ ತಿಂಗಳುಗಳ ಚೌಕಗಳು ಖಾಲಿ ಇರುತ್ತಿದ್ದವು. ನಡುನಡುವೆ ಖಾಲಿ ಇದ್ದರೆ ನೋಡಲು ಚೆನ್ನಾಗಿರುವುದಿಲ್ಲ ಎಂದು ಮೇಲ್ವಿಚಾರಕ ಕೈಲಾಶ ಶನಿವಾರ ಹೇಳಿದ್ದ. ಜಾಕ್ಸನ ಪ್ರತಿ ಸಾಲನ್ನೂ ಎಡದಿಂದ ಬಲಕ್ಕೆ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದ. ಖಾಲಿ ಚೌಕಗಳೆಲ್ಲ ಬಲತುದಿಗೆ ಸರಿದವು. ತಿಂಗಳ ಹೆಸರುಗಳು ಮಾತ್ರ ಇದ್ದಲ್ಲೇ ಉಳಿದವು. ಸಾಲಿನ ಕೊನೆಯ ಅಂಕಿ ಏಳಕ್ಕಿಂತ ಕಡಿಮೆ ಇದ್ದವರು ಪಟ್ಟಿಗೆ ಬರುತ್ತಾರೆ. ಈಗ ಪ್ರತಿಯೊಬ್ಬಳ ಕೊನೆಯ ಅಂಕಿ ಅವಳ ಅತಿ ದೊಡ್ಡ ಅಂಕಿಯಾಗಿತ್ತು. ಹಿಂದಿನ ವಾರ ಹದಿನಾಲ್ಕು ಹೆಸರಿದ್ದ ಪಟ್ಟಿಯಲ್ಲಿ ಈ ವಾರ ಮೂರೇ ಇದ್ದವು. ಸುಧಾರಣೆ ಎಂದು ಕೈಲಾಶ ಎಲ್ಲರಿಗೂ ಚಹಾ ತರಿಸಿದ್ದ.

“ಗಾಡಿ ಎಲ್ಲದ?” ನವೊಮಿ ಕೇಳಿದಳು.

“ಭಾಲ್ಕಿಗೆ ಹೋಗ್ಯದರಿ. ಮೂರೂ ಮಂದಿ ಆ ಕಡಿಯವ್ರೇ.”

“ಗೌಸೋದ್ದೀನಗ ಹೇಳು, ಈಗಿಂದೀಗ ಔರಾದಿಗೆ ತಿರುಗಲಿ.”

ಡ್ರೈವರ್ ಗೌಸೋದ್ದೀನ ಮೂವರನ್ನೂ ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಇಳಿಸಿ, 1.25ಕ್ಕೆ ಔರಾದಿಗೆ ಬಂದ. ಅಷ್ಟರಲ್ಲಿ ಫರ್ಹೀನಳಿಗೆ, ಒಂದು ತಿಂಗಳು ಮೊದಲೇ, ನೋವು ಶುರುವಾಗಿತ್ತು. ಗಂಡ ಮುಬಶ್ಶೀರ ಅವಳನ್ನು ಎತ್ತಿ ತಂದು ಗಾಡಿಯಲ್ಲಿ ಮಲಗಿಸಿದ.

“ಅಮ್ಮಿಗಿ ಹೇಳಬ್ಯಾಡ್ರಿ ಸಿಸ್ಟರ್,” ಎಂದಳು ಫರ್ಹೀನ. “ಆಕಿ ಅಳೂದ್ ಕೇಳೂದೇ ನನಗ ದೊಡ್ಡ ಬ್ಯಾನಿ.”

ಗಾಡಿ ಸಂತಪುರ ದಾಟುವಾಗ ಮಗು ಹುಟ್ಟಿತು, ಹೆಣ್ಣು. ರಕ್ತಸ್ರಾವ ನಿಲ್ಲಲಿಲ್ಲ. ಬೀದರ್ ಇನ್ನೂ ಹದಿನೆಂಟು ಕಿಲೋಮೀಟರ್ ಇರುವಾಗ, 2.15ಕ್ಕೆ, ಫರ್ಹೀನ ತೀರಿಕೊಂಡಳು.

ಜಾಕ್ಸನ ಮಂಗಳವಾರ ಸಂಜೆಯೊಳಗೆ ಹಾಳೆಯಲ್ಲಿದ್ದ 213 ಗರ್ಭಿಣಿಯರ ಮನೆಗಳಿಗೂ ಫೋನ್ ಮಾಡಿದ. ಒಬ್ಬೊಬ್ಬರಿಂದಲೂ ಕಾರ್ಡ್ ಓದಿಸಿಕೊಂಡು, ಅಂಕಿಗಳನ್ನು ಆಯಾ ತಿಂಗಳ ಕೆಳಗೆ ಮತ್ತೆ ಬರೆದ. ಪಟ್ಟಿಯಲ್ಲಿ ಹದಿನಾರು ಹೆಸರು ಬಂದವು. ಬುಧವಾರ ಗಾಡಿ ಎರಡು ಸಲ ಓಡಿತು.