ಸೊಟ್ಟಗೈ

ಸ್ಫಾಕ್ಸ್ ಊರಾಚೆಯ ಒಣ ಉಪ್ಪುಬಯಲಿನಲ್ಲಿ ಶೆದ್ಲಿ ಮೇಷ್ಟ್ರ ಮೊದಲ ಪುಟಾಣಿ ಮಾದರಿ ವಿಮಾನ ಆರೇ ಸೆಕೆಂಡು ಹಾರಿತ್ತು. ರಿಮೋಟು ಮೇಷ್ಟ್ರ ಕೈಯಲ್ಲಿ. ವಿಮಾನವನ್ನು ಗಾಳಿಗೆ ಎಸೆದವನು ಅವರ ಹೆಂಡತಿಯ ತಮ್ಮ, ಬಡಗಿ ಲಸ್ಸಾದ್. ಎಸೆದದ್ದೇ ತಡ, ಅದು ಬಲಕ್ಕೆ ವಾಲಿ, ಮಗುಚಿ, ನೆಲಕ್ಕೆ ಮೂಗು ಜಜ್ಜಿಕೊಂಡಿತು. ಲೆಕ್ಕದ ಮೇಷ್ಟ್ರು ತಪ್ಪುವುದುಂಟೇ! “ಸೊಟ್ಟಗೆ ಎಸೆದ್ಯಲ್ಲೋ, ಸೌದೆ ಬಿಸಾಕ್ದಂಗೆ!” ಎಂದು ವಿಮಾನ ಹಾರಿಸುವ ಕ್ಲಬ್ಬಿನವರೆಲ್ಲರ ಎದುರು ಕೂಗಾಡಿದರು. ಲಸ್ಸಾದ್ ತಲೆ ತಗ್ಗಿಸಿಕೊಂಡು ಚೂರುಗಳನ್ನು ಆಯ್ದುಕೊಂಡ. ಅಂದಿನಿಂದ ಕ್ಲಬ್ಬಿನಲ್ಲಿ ಅವನ ಹೆಸರೇ ‘ಸೊಟ್ಟಗೈ’ ಎಂದಾಯಿತು.

ಎರಡನೆಯ ವಿಮಾನ ಕಟ್ಟಿದ್ದು ಹೆಚ್ಚುಕಡಿಮೆ ಅವನೇ. ಎರಡು ತಿಂಗಳು, ದಿನಾ ಸಂಜೆ ಅಂಗಡಿ ಮುಚ್ಚಿ ಬಂದು, ಬೆಂಡಿನಷ್ಟು ಹಗುರಾದ ಹಲಗೆ ಕೊಯ್ದು, ರೆಕ್ಕೆ ಜೋಡಿಸಿ, ಉಜ್ಜಿ ಉಜ್ಜಿ ನುಣುಪು ಮಾಡಿದ. ಅಕ್ಕ ತಂದಿಟ್ಟ ಕಾಫಿ ಆರಿಹೋಗುತ್ತಿತ್ತು.

ಹಳೆಯ ಮೋಟಾರು, ತಂತಿಗಳನ್ನೆಲ್ಲ ಹೊಸದಕ್ಕೆ ಕೂರಿಸಿದ ದಿನ ಮಾತ್ರ ಅವನು ಬಂದಿರಲಿಲ್ಲ. ಮೇಷ್ಟ್ರು ರಿಮೋಟಿನ ಕಡ್ಡಿಯನ್ನು ಎಡಕ್ಕೆ ತಳ್ಳಿದರು. ಎಡ ರೆಕ್ಕೆಯ ಪಟ್ಟಿ ಮೇಲೇಳಬೇಕಿತ್ತು, ಕೆಳಗಿಳಿಯಿತು. ಮತ್ತೆ ತಳ್ಳಿದರು. ಮತ್ತೆ ಕೆಳಗೇ. ರಿಮೋಟಿನಲ್ಲಿ ದಿಕ್ಕು ಬದಲಿಸುವ ಪುಟ್ಟ ಗುಂಡಿ ಮೊದಲ ದಿನದಿಂದಲೂ ಉಲ್ಟಾ ಇತ್ತು. ಹಾರಿಸುವ ಮುನ್ನ ಎಡ-ಬಲ ನೋಡಬೇಕೆಂಬುದು ಹೊಸಬರಿಗೂ ಗೊತ್ತಿರುವ ಪಾಠ. ಮೊದಲ ವಿಮಾನ ಬಿದ್ದ ದಿನ ಮೇಷ್ಟ್ರು ಗತ್ತಿನಲ್ಲಿ ಅದನ್ನು ನೋಡಿರಲೇ ಇಲ್ಲ. ವಿಮಾನ ಕೊಂಚ ಬಲಕ್ಕೆ ವಾಲಿದಾಗ ಎಡಕ್ಕೆ ತಳ್ಳಿ, ಅದನ್ನು ಪೂರಾ ಬಲಕ್ಕೆ ಕೆಡವಿದವರು ತಾವೇ. ಯಾರೂ ಇಲ್ಲದ ಕೋಣೆಯಲ್ಲೂ ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು. ಗುಂಡಿಯನ್ನು ಸರಿಪಡಿಸಿದರು. ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಭಾನುವಾರ ಬಯಲಿನಲ್ಲಿ ಲಸ್ಸಾದ್ ಹಿಂದೆ ಸರಿದ. “ಬೇರೆ ಯಾರಾದ್ರೂ ಎಸೀಲಿ ಭಾವ. ನನ್ ಕೈ ಸರಿಯಿಲ್ಲ.”

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಮೇಷ್ಟ್ರ ಬಾಯಿಂದ “ನೀನೇ ಎಸಿಯೋ” ಎಂದಷ್ಟೇ ಹೊರಟಿತು.

ಲಸ್ಸಾದ್ ಬಿಸ್ಮಿಲ್ಲಾ ಎಂದು ಎಸೆದ. ವಿಮಾನ ನೆಟ್ಟಗೆ ಏರಿ, ನಾಲ್ಕು ಸುತ್ತು ಹಾಕಿ, ಮೆತ್ತಗೆ ಇಳಿಯಿತು.

“ನೋಡ್ರಪ್ಪಾ, ಸೊಟ್ಟಗೈ ನೆಟ್ಟಗಾಯ್ತು!” ಎಂದು ಯಾರೋ ಕೂಗಿದರು. ಲಸ್ಸಾದ್ ಓಡಿ ಬಂದು ಮೇಷ್ಟ್ರ ಹೆಗಲಿಗೆ ಮುತ್ತಿಟ್ಟ. “ಅವತ್ತಿಂದು ಕ್ಷಮಿಸ್ಬಿಡಿ ಭಾವ. ಎಷ್ಟ್ ದಿನದಿಂದ ಕೇಳ್ಬೇಕು ಅಂತಿದ್ದೆ.”

ಕ್ಷಮೆ ಕೇಳಿದವನಿಗೆ ಕೊಡುವ ಉತ್ತರ ಒಂದೇ. ಚಿಕ್ಕಂದಿನಿಂದ ನಾಲಿಗೆಗೆ ರೂಢಿಯಾದದ್ದು. “ಕ್ಷಮಿಸಿದೀನಿ ಬಿಡೋ” ಎಂದುಬಿಟ್ಟರು ಮೇಷ್ಟ್ರು. ಅಂದ ಮೇಲೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಏನೂ ತೋಚದೆ ರಿಮೋಟನ್ನು ಅವನ ಕೈಗೆ ತುರುಕಿದರು. “ತಗೋ, ಈಗ ನೀನ್ ಹಾರ್ಸು.”

ಲಸ್ಸಾದನ ಕಣ್ಣು ತುಂಬಿತು. ಸುತ್ತ ನಿಂತವರ ಕಡೆ ತಿರುಗಿ ಹೇಳಿದ: “ನೋಡಿದ್ರಾ? ಒಂದನ್ನ ಮುರಿದ್ ಹಾಕಿದೀನಿ, ಆದ್ರೂ ನಂಬಿ ಕೊಡ್ತಾರೆ. ನಮ್ ಭಾವಂದು ಅಂಥಾ ಮನಸ್ಸು!”

ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ತಲೆ ಎತ್ತಲಿಲ್ಲ. ಅದನ್ನು ವಿನಯವೆಂದುಕೊಂಡ ಜನ ಇನ್ನೂ ಜೋರಾಗಿ ತಟ್ಟಿದರು.